ಸೊನ್ನೆ ಪಾಯಿಂಟ್ ಏಳು

ಪೆನ್ನು ಮುಗಿದಿದೆ. ರೋಬಸ್ಟಾ ಬುಡದ ಮರ,
ಲೇತಿನ ಮೇಲೆ ಮೇಣ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿದೆ.
ಅದೇ ಬುಡದ್ದು ಉಳಿದಿರುವುದು ಒಂದೇ ತುಂಡು, ಗೇಣಿಗೂ ಕಮ್ಮಿ.
ಪೆನ್ಸಿಲ್ ಕಿಟ್ ಮಾತ್ರ ಎರಡು,
ಮೂಡಿಗೆರೆಯ ಈ ಬೆಂಚಿನ ಮೇಲೆ.

ತಿರುಚುವುದೋ, ಟಿಕ್ಕೆಂದು ಒತ್ತುವುದೋ?
ಸೊನ್ನೆ ಪಾಯಿಂಟ್ ಐದೋ, ಏಳೋ?
ಐದು ಚೆಂದ, ಪೆನ್ನಿನ ಸೊಂಟಕ್ಕೆ ಸರಿಜೋಡಿ.
ಏಳರದ್ದು ಕೊಳವೆ ದಪ್ಪ;
ಡ್ರಿಲ್ಲು ಕೂದಲೆಳೆ ಸರಿದರೂ ಮರ ಸೀಳುತ್ತದೆ.

ಆದರೆ ಜುಲೇಖಾ ಟೀಚರ್ ಒತ್ತಿ ಬರೆಯುವವರು.
ಕೆಂಪು ಶಾಯಿ ಮುಟ್ಟಿದವರಲ್ಲ.
ನನ್ನ ತಪ್ಪು ಭಾಗಾಕಾರದ ಸುತ್ತ
ಪೆನ್ಸಿಲಿನದೇ ಒಂದು ಉಂಗುರ:
"ಅಳಿಸ್ಕೊ, ಮತ್ತೆ ಮಾಡು."
ಅಳಿಸುತ್ತಿದ್ದೆ.
ಮೂರು ಹಾಳೆ ಕೆಳಗೂ
ಬೆರಳಿಗೆ ಆ ಉಂಗುರ ಸಿಗುತ್ತಿತ್ತು.

ಐದನ್ನು ಡಬ್ಬಿಗೆ ಹಾಕಿದೆ.
ದಪ್ಪ ಡ್ರಿಲ್ಲು ಸಿಕ್ಕಿಸಿ, ಉಸಿರು ಕಟ್ಟಿ,
ಸ್ವಿಚ್ಚಿಗೆ ಕೈ.