ಮೂರು ಸ್ಟೇಜು ಜಾಸ್ತಿ

ಬೇಲೂರು ನಟ್ಟನಡುವೆ ಅಂತ ಯಾರೋ ಅಂದರು.
ಅಲ್ಲ. ಇಪ್ಪತ್ತು ವರ್ಷ ಈ ದಾರಿಯಲ್ಲೇ ಟಿಕೆಟ್ ಹರಿದವನು ನಾನು.
ಹಾಸನದವರಿಗೆ ಮೂರು ಸ್ಟೇಜು ಜಾಸ್ತಿ.
ಚಿಕ್ಕಮಗಳೂರಿನವರು ಒಂದು ಕೋಳಿನಿದ್ದೆ ಮುಗಿಸಿ ಇಳಿದುಬಿಡುತ್ತಾರೆ.
ಅದಕ್ಕೇ ತಿಂಡಿಯ ದುಡ್ಡು ಅವರು ಕೊಡಲಿ ಅಂತ ನಮ್ಮ ವಾದ.
‘ಜಿಲ್ಲೆ ನಿಮ್ಮದು, ಬಿಲ್ಲೂ ನಿಮ್ಮದೇ’ ಅಂತ ಅವರದು.

ವರ್ಷಕ್ಕೊಂದು ಸಲ, ಚಳಿ ಇನ್ನೂ ಬಿಡದ ಒಂದು ಭಾನುವಾರ,
ಬಸ್‌ಸ್ಟ್ಯಾಂಡಿನೆದುರು ಹೋಟೆಲಿನ ಮಹಡಿಯಲ್ಲಿ
ಬೆಂಕಿಪೊಟ್ಟಣ ಕೂಡಿಡುವವರು ಕೂಡುತ್ತೇವೆ.
ಮನೆಯಲ್ಲಿ ಹೆಣ್ಣು ನೋಡೋದಿದೆ, ತಿಥಿ ಇದೆ, ಸೊಸೈಟಿ ಮೀಟಿಂಗಿದೆ
ಎಂದೇನೋ ಹೇಳಿ ಬಂದವರೇ ಹೆಚ್ಚು.
ಕಿಟಕಿ ಕಡೆ ಹಾಸನ, ಕೈತೊಳೆಯುವ ಕಡೆ ಚಿಕ್ಕಮಗಳೂರು.
ನಡುವಿನ ಮೇಜಿಗೆ ಅರಸೀಕೆರೆಯ ದಸ್ತಗೀರ್ ಸಾಬರೊಬ್ಬರೇ.
ರೈಲ್ವೆಯಲ್ಲಿ ಹಳಿ ಬದಲಿಸುತ್ತಿದ್ದವರು,
ಇಲ್ಲಿ ಮಾತ್ರ ಯಾವ ಕಡೆಗೂ ತಿರುಗುವುದಿಲ್ಲ.

ನಾವು ಸುಲಿಯುವವರು.
ಕೆಟಲಿನ ಹಬೆಗೆ ಪೊಟ್ಟಣ ಹಿಡಿದು
ನಿದ್ದೆಗಣ್ಣಿನ ಮಗುವನ್ನು ಎಬ್ಬಿಸುವಂತೆ ಚಿತ್ರವನ್ನೆಬ್ಬಿಸಿ
ಆಲ್ಬಮ್ಮಿಗೆ ಅಂಟಿಸುತ್ತೇವೆ: ಆನೆ, ಕತ್ತರಿ, ಬೀಗದ ಕೈ,
ನಾನೇ ಬಸ್ಸಿನ ಸೀಟಿನಡಿ ಬಗ್ಗಿ ಹೆಕ್ಕಿದ ಎರಡು ತಲೆಯ ಹುಲಿ.
ಅವರು ಇಡಿಯಾಗಿ ಇಡುವವರು,
ಕಡ್ಡಿ ಸಮೇತ, ಗೀರುವ ಮದ್ದಿನ ಸಮೇತ.
‘ಚರ್ಮ ಗೋಡೆಗೆ ಬಡಿದು ಕುರಿ ಸಾಕಿದೀನಿ ಅಂತಾರೆ ಹಾಸನದೋರು.’
‘ಅವರದು ಸಂಗ್ರಹವೇನ್ರೀ? ದಿನಸಿ ಅಂಗಡಿ.’

ಇನ್ನು ಆ ಒಂಟಿಕಾಲಿನ ನವಿಲು.
ನಮ್ಮ ಡ್ರಾಯಿಂಗ್ ಮೇಷ್ಟ್ರು ನಂಜಪ್ಪಾಚಾರ್
ಮೂರು ಆನೆ ಕೊಟ್ಟು ತಂದದ್ದು,
ಅಲ್ಲಿ ಟೈಪಿಂಗ್ ಕಲಿಸುವ ಫ್ಲೋರಿನ್ ಬಾಯಿಯಿಂದ.
ಅಚ್ಚಿನ ತಪ್ಪು, ಲಕ್ಷಕ್ಕೊಂದು ಎಂದಿದ್ದರಂತೆ ಆಕೆ.
ಭೂತಗನ್ನಡಿ ಹಿಡಿದು ಮೇಷ್ಟ್ರು ಅಂದರು: ಅಚ್ಚಿನದಲ್ಲ, ಬ್ಲೇಡಿನದು.
‘ಸುಲಿಯುವಾಗ ನಿಮ್ಮ ಕೆಟಲಿಗೇ ಬಿದ್ದಿರಬೇಕು ಕಾಲು,
ಆ ನೀರಲ್ಲೇ ಕಾಫಿ ಮಾಡಿಕೊಂಡಿರೋ ಏನೋ.’
ಹನ್ನೊಂದು ವರ್ಷ ಇದೇ.
ಕೂಟ ಶುರುವಾಗುವುದು ಕೇಸರಿಬಾತಿನಿಂದ,
ಮುಗಿಯುವುದು ನವಿಲಿನ ಕಾಲಿನಿಂದ.

ಆ ಸಂಜೆಯೂ ಕಾಲಿಗೆ ಬಂದಿದ್ದೆವು. ಕರೆಂಟು ಹೋಯಿತು.

ನಲವತ್ತು ಜನ. ಮೇಜಿನ ಮೇಲೆ ಸಾವಿರಾರು ಪೊಟ್ಟಣ.
ಒಬ್ಬರ ಜೇಬಿನಲ್ಲೂ ಬೆಂಕಿಯಿಲ್ಲ.
ಸೇದುವವರು ನಮ್ಮಲ್ಲಿಲ್ಲ, ಸೇದುವವನಿಗೆ ಪೊಟ್ಟಣ ಬರೀ ಪೊಟ್ಟಣ.
ಕತ್ತಲಲ್ಲಿ ಎಲ್ಲರೂ ಎರಡೂ ಕೈಯಲ್ಲಿ
ತಮ್ಮ ತಮ್ಮದನ್ನು ಅಪ್ಪಿ ಹಿಡಿದದ್ದು ನನಗೆ ಕೇಳಿಸಿತು.
ಆಮೇಲೆ ಮೆಟ್ಟಿಲ ನಡುವಿನಿಂದ ಮಾಣಿಯ ದನಿ:
‘ಅಣ್ಣಾ, ಹದಿನೆಂಟು ಲೋಟ ಐತೆ, ಕಾಲಿಡೋದೆಲ್ಲಿ?’

ಕಾಗದ ಹರಿದ ಸದ್ದು.
ತೆರೆಯದ ಪೊಟ್ಟಣದ ಸೀಲು ಹರಿಯುವ ಸದ್ದು ಹೇಗಿರುತ್ತದೆಂದು
ನಲವತ್ತು ಜನಕ್ಕೂ ಗೊತ್ತು; ಯಾರೂ ಉಸಿರೆತ್ತಲಿಲ್ಲ.
ಒಂದು ಕಡ್ಡಿ ಗೀರಿತು, ತಲೆ ಉದುರಿತು.
ಇನ್ನೊಂದು ಮುರಿಯಿತು.
ಮೂರನೆಯದು ಹತ್ತಿತು,
ಫ್ಲೋರಿನ್ ಬಾಯಿಯ ಮೂಗು, ಕನ್ನಡಕ,
ಬಾಗಿಲಲ್ಲಿ ಮಾಣಿಯ ಬರಿಗಾಲು, ಹಬೆಯಾಡುವ ಲೋಟಗಳು.
ಕೊನೆಗೆ ಆಕೆಯ ಬೆರಳು ಸುಡುವಷ್ಟರಲ್ಲಿ
ಕೆಳಗಿನಿಂದ ಲಾಟೀನು ಬಂತು.
‘ನಮ್ಮಪ್ಪನ ಕಾಲದ್ದು’ ಅಂದರು, ಅಷ್ಟೇ.
ಯಾರೂ ಏನೂ ಅನ್ನಲಿಲ್ಲ.
ಬಿಲ್ಲಿಗೂ ಆ ವರ್ಷ ಜಗಳವಾಗಲಿಲ್ಲ.
ಕೊಟ್ಟವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಾಸನದ ಕೊನೆ ಬಸ್ಸು. ಡ್ಯೂಟಿ ಇಲ್ಲದಿದ್ದರೂ
ಬಾಗಿಲ ಹತ್ತಿರವೇ ನಿಂತಿದ್ದೆ, ಅಭ್ಯಾಸ.
ಹಗರೆ ದಾಟಿದ ಮೇಲೆ ಹಿಂದಿನ ಸೀಟಿನಿಂದೊಬ್ಬ:
‘ನೋಡಿದಿರಾ, ಮೂರನೇ ಕಡ್ಡಿಗೆ ಹತ್ತಿದ್ದು.
ಚಿಕ್ಕಮಗಳೂರಿನ ಮಾಲು, ಇನ್ನೇನು.’
ಬಸ್ಸಿಗೆ ಬಸ್ಸೇ ನಕ್ಕಿತು.
ನಂಜಪ್ಪಾಚಾರ್ ನಗಲಿಲ್ಲ.
ಶರ್ಟಿನ ಜೇಬಿನ ಮೇಲೆ ಅಂಗೈ ಒತ್ತಿ ಕೂತಿದ್ದರು.
ಗುಂಡಿ ಬಂದಾಗಲೆಲ್ಲ ಇನ್ನಷ್ಟು ಒತ್ತುತ್ತಿದ್ದರು.
ಅಂಗಿಯ ಬಟ್ಟೆಯ ಮೇಲೆ, ಬೆರಳ ಸಂದಿಯಲ್ಲಿ,
ಒಂದಿಷ್ಟು ಮಸಿ.