ಹೆಪ್ಪು

ಬೆಳಗಿನ ಆರೂವರೆ. ಮುರುಗೇಶಪಾಳ್ಯದ ಸ್ಟಾಪಿನಲ್ಲಿ
ಐಸು ತುಂಬಿದ ಥರ್ಮಾಕೋಲು ಡಬ್ಬಿ ಕಂಕುಳಲ್ಲಿಟ್ಟು ಬಸ್ಸು ಹತ್ತಿದೆ.
ಏನ್ ಸಾರ್, ಮೀನಾ? ಅಂದ ಕಂಡಕ್ಟರು.
ಹೂಂ ಅಂದೆ.
ನನ್ನದೇ ಮಲ ಕಣಪ್ಪ ಅನ್ನೋಕೆ
ಇಪ್ಪತ್ತೆರಡು ವರ್ಷ ಸರ್ವೀಸಾದ ನಾಲಗೆಗೂ ಧೈರ್ಯ ಬರಲಿಲ್ಲ.

ಮೇಲೆ ಚೀಟಿ: ಹವಾಲ್ದಾರ್ ಎಲ್. ಮುನಿಕೆಂಪಯ್ಯ, ನಿವೃತ್ತ.
ನಿವೃತ್ತಿ ನನಗೆ. ಹೊಟ್ಟೆಗೆ ಇನ್ನೂ ಡಿಸ್ಚಾರ್ಜು ಸಿಕ್ಕಿಲ್ಲ.
ಪಾಳಿಯಿಲ್ಲದ ರಾತ್ರಿಯೂ ಮೂರಕ್ಕೆ ಎಬ್ಬಿಸುತ್ತೆ,
ಕೀಲುಗಳು ಕತ್ತಲಲ್ಲಿ ಹಾಜರಿ ಕೂಗುತ್ತವೆ:
ಮೊಣಕಾಲು, ಮಣಿಕಟ್ಟು, ಹೆಬ್ಬೆರಳ ಬುಡ.

ಕಳೆದ ಸಲ ಮೇಜರ್ ದೇಚಮ್ಮ, ನನ್ನ ಮಗಳ ವಯಸ್ಸಿನ ಡಾಕ್ಟರು,
ಹಾಳೆಯ ಮೇಲೆ ಕರುಳು ಬರೆದು ತೋರಿಸಿದರು.
ಇದರೊಳಗೆ ಒಂದು ಊರಿದೆ, ಮುನಿಕೆಂಪಯ್ಯ.
ಕೋಟಿ ಕೋಟಿ ಜನ, ಕಣ್ಣಿಗೆ ಕಾಣದವರು.
ಗೋಡೆ ಕಾಯೋ ಪಹರೆಗೆ
ಯಾರು ನೆಂಟ, ಯಾರು ಕಳ್ಳ ಅಂತ
ಎಳೆತನದಿಂದ ಕಲಿಸಿದವರೇ ಅವರು.
ನಿಮ್ಮಲ್ಲಿ ಎಷ್ಟೋ ಮಂದಿ ಒಕ್ಕಲೆದ್ದು ಹೋದ ಹಾಗಿದೆ.
ಪಹರೆಗೀಗ ಗುರುತು ಸಿಗುತ್ತಿಲ್ಲ. ಕಂಡವರ ಮೇಲೆಲ್ಲ ಗುಂಡು.

ಬೇಲಿಯೇ ಎದ್ದು ಹೊಲ ಮೇಯೋದು, ಅಂದೆ.
ನಕ್ಕರು. ಬರೆದೂ ಕೊಂಡರು.
ಖಚಿತ ಹೇಳಲಾರೆ, ಇನ್ನೂ ಹುಡುಕುತ್ತಿದ್ದೇವೆ ಅಂದರು.
ಆಮೇಲೆ ಪ್ರಶ್ನೆ: ಎಲ್ಲೆಲ್ಲಿ ಪೋಸ್ಟಿಂಗು? ಎಂಥ ನೀರು?
ಎಷ್ಟು ಸಲ ಆಂಟಿಬಯಾಟಿಕ್ಕು?

ಕರಗಿಸಿದ ಹಿಮ, ಮೇಡಂ. ಕ್ಲೋರಿನ್ ಗುಳಿಗೆ ಹಾಕಿದ ಹೊಳೆ.
ಸೀಮೆಎಣ್ಣೆ ನಾತದ ಚಹಾ. ಚಳಿಗಾಲವೆಲ್ಲ ಡಬ್ಬಿಯ ಪಲ್ಯ.
ಮಾತ್ರೆಯ ಲೆಕ್ಕ ಇಟ್ಟಿಲ್ಲ. ಎಣಿಸಿದ್ದು ಗುಂಡು ಮಾತ್ರ.

ಅದರಲ್ಲೊಂದನ್ನು ಹೇಳಲಿಲ್ಲ.

ಕುಪ್ವಾರದ ಮೇಲಿನ ಪೋಸ್ಟು, ಮಂಜು, ನನ್ನ ಕಾವಲು.
ಇಳಿಜಾರಲ್ಲಿ ಕಲ್ಲು ಉರುಳಿತು.
ಥಮ್! ಅಂದೆ. ಕೌನ್ ಆತಾ ಹೈ? ಎರಡು ಸಲ.
ಮೂರನೆಯದಕ್ಕೂ ಉತ್ತರವಿಲ್ಲ, ಕುದುರೆ ಎಳೆದೆ.
ಬೆಳಕು ಹರಿದಾಗ ನೋಡಿದರೆ ನಮ್ಮದೇ ಹೇಸರಗತ್ತೆ.
ಹಗ್ಗ ಕಿತ್ತುಕೊಂಡು, ದಾರಿ ನೆನಪಿಟ್ಟು ತಾನೇ ಹತ್ತಿ ಬಂದದ್ದು,
ಬೆನ್ನ ಮೇಲೆ ನಮ್ಮದೇ ಹಿಟ್ಟು, ನಮ್ಮದೇ ಬೇಳೆ.
ಮನೆಯದೇ ಅದು. ಮಾತು ಬರುತ್ತಿರಲಿಲ್ಲ, ಅಷ್ಟೆ.
ಹಸಿಯಾಗದ ಹಿಟ್ಟು ಬೇರೆ ಮಾಡಿ ರೊಟ್ಟಿ ತಟ್ಟಿದೆವು.
ಪಳನಿವೇಲು ಒಬ್ಬ ತಿನ್ನಲಿಲ್ಲ.

ಗಾಲ್ಫ್ ಮೈದಾನದ ಪಕ್ಕ ಬಸ್ಸು ತೆವಳುತ್ತಿದೆ.
ಇಲ್ಲಿ ಚಲ್ಲಘಟ್ಟದ ಕೆರೆಯಿತ್ತು. ನಮ್ಮಜ್ಜಿ ಇದರ ಅಂಚಲ್ಲಿ ಹುಲ್ಲು ಕುಯ್ದವಳು.
ಕೆರೆ ಹೋದರೂ ನೀರು ದಾರಿ ಮರೆತಿಲ್ಲ,
ಜೋರು ಮಳೆಗೆ ನಾನು ಕಾಯುವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ
ಹಳೇ ಒಕ್ಕಲಿನ ಹಾಗೆ ಇಳಿದು ಬರುತ್ತೆ.
ರಿಜಿಸ್ಟರಿನಲ್ಲಿ ಸಹಿ ಹಾಕು ಅಂತ ಅದಕ್ಕೆ ಹೇಳೋದು ಹೇಗೆ?

ನಿನ್ನೆ ಮನೆಯಲ್ಲಿ ಹೆಪ್ಪು ತೀರಿತ್ತು.
ಮೊಸರಾದರೂ ಒಗ್ಗುತ್ತೇನೋ ನಿನಗೆ ಅಂತ ಅಕ್ಕಯಮ್ಮ
ಬಟ್ಟಲು ಹಿಡಿದು ಎದುರುಮನೆ ಜುಲೇಖಾಬೀ ಬಾಗಿಲು ತಟ್ಟಿದಳು.
ಒಳಗಿಂದ ಯಾರು ಅನ್ನಲಿಲ್ಲ.
ಬಾಗಿಲು ತೆರೆಯಿತು. ಒಂದು ಚಮಚ ಕೊಟ್ಟಳು, ಮೇಲೆ ಇನ್ನರ್ಧ.

ಹೊರಡುವಾಗ ಮುಚ್ಚಳ ಸರಿಸಿ ನೋಡಿದೆ.
ಹಾಲು ಇನ್ನೂ ಅಲುಗುತ್ತಿತ್ತು.
ಚಳಿ ಕಣೋ, ತಡವಾಗುತ್ತೆ, ಅಂದಳು,
ಕೈ ಹಾಕಬೇಡ. ಬಿಡು ಅದರ ಪಾಡಿಗೆ.