ಹತ್ತೊಂಬತ್ತನೇ ತಟ್ಟೆ

ತಾರ್ತುವಿನ ಫೆಬ್ರವರಿ. ಬೆಳಗಿನ ಎಂಟಾದರೂ
ದೀಪ ಆರಿಸುವಂತಿಲ್ಲ.
ಕಿಟಕಿಯಾಚೆ ಎಮಾಯೋಗಿ ಹೆಪ್ಪುಗಟ್ಟಿ ಮಲಗಿದೆ.
ನಮ್ಮ ಮಾತಿನಲ್ಲಿ ಅದು ತಾಯಿಹೊಳೆ.
ಅಡಿಯಲ್ಲಿ ಹರಿವು ಇದೆಯೆಂದು ಬಲ್ಲವರು
ಮಂಜು ಕೊರೆದು ಗಾಳ ಬಿಟ್ಟು ಕೂತ ಮುದುಕರು ಮಾತ್ರ.

ನನ್ನ ಕೆಲಸ ಸಣ್ಣದು: ಬೇರೆಯವರ ಬಾಯಿ ಓದುವುದು.
ವಸಡಿನ ಸಂದಿಯಿಂದ ಕಾಗದದ ಕಡ್ಡಿ ಎತ್ತಿ ತಂದದ್ದನ್ನು
ಕುದುರೆಯ ರಕ್ತ ಬೆರೆಸಿದ ತಟ್ಟೆಗೆ ಬಳಿದು
ಗಾಳಿ ಸೋಕದ ಡಬ್ಬಿಯಲ್ಲಿಟ್ಟು
ಏಳು ದಿನ ಕಾದು, ಎಣಿಸುವುದು.
ಇಪ್ಪತ್ತಾರು ವರ್ಷ ಎಣಿಸಿದ್ದೇನೆ.

ಆರೋಗ್ಯವಂತರ ಸಾಲಿಗೆ ಜನ ಸಾಲದೆ
ಅಕ್ಟೋಬರಿನಲ್ಲಿ ಲೇಲೊ ತನ್ನ ಬಾಯಿಯನ್ನೇ ಕೊಟ್ಟಳು.
ಹೆಸರಿಲ್ಲ, ಬರಿಯ ಅಂಕಿ: ಹತ್ತೊಂಬತ್ತು.
ಆಗ ತಟ್ಟೆಯಲ್ಲಿ ಎಳ್ಳಿನಂಥ ಕಪ್ಪು ಚುಕ್ಕಿ ಎರಡು.
ನವೆಂಬರಿನಲ್ಲಿ ಮೂರು.
ಜನವರಿಯಲ್ಲಿ ನಲವತ್ತು.
ಈಗ ಯಾರೋ ಕೈತಪ್ಪಿ ಎಳ್ಳು ಚೆಲ್ಲಿದ ಹಾಗೆ.

ಅವಕ್ಕೆ ಕಣ್ಣಿಲ್ಲ. ಪೊರೆಯಲ್ಲಿ ಹೂತುಕೊಂಡ ಒಂದು ಪ್ರೋಟೀನು,
ಅರ್ಧ ಒಳಗೆ, ಅರ್ಧ ಹೊರಗೆ,
ಹೊಸ್ತಿಲ ಮೇಲೆ ಕೂತ ಮುದುಕಿ.
ನಮ್ಮ ಮೈಯ ಕಾವು, ಉಗುಳಿನ ಹುಳಿ, ಒಸರಿದ ರಕ್ತದ ಕಬ್ಬಿಣ,
ಏನು ತಾಗಿದರೂ ಮೈ ಹೊರಳಿಸಿ
ಚಿಟಿಕೆ ರಂಜಕವನ್ನು ಒಳಗಿನವನ ಕೈಗಿಡುತ್ತಾಳೆ.
ಅವನು ನೂಲುಂಡೆಯ ಮೇಲೆ
ಎಲ್ಲಿ ಕೂರಬೇಕೋ ಅಲ್ಲಿ ಹೋಗಿ ಕೂರುತ್ತಾನೆ.
ಮುಚ್ಚಿದ್ದ ಪುಟ ತೆರೆಯುತ್ತದೆ, ತೆರೆದಿದ್ದು ಮುಚ್ಚುತ್ತದೆ.
ಗಾಳಿ ಬಂದಾಗ ತೂರಿಕೊಳ್ಳುವ ಜಾಣತನ.
ಅಲ್ಲ, ಮಾತು ತಪ್ಪಿತು. ಜಾಣತನ ಅನ್ನಬಾರದು.
ಏನನ್ನಬೇಕೆಂದು ಇಷ್ಟು ವರ್ಷಕ್ಕೂ ಗೊತ್ತಾಗಿಲ್ಲ.

ಬಸಿರಿನ ಹಾರ್ಮೋನು ವಸಡಿನ ಒಸರಿಗೂ ಇಳಿಯುತ್ತದೆ.
ಈ ಕಪ್ಪು ಕುಲ ಅದನ್ನೇ
ವಿಟಮಿನ್ನಿನ ಬದಲು ಉಂಡು ಹಿಗ್ಗುತ್ತದೆ.
ಹೊಟ್ಟೆ ಇನ್ನೂ ಸ್ವೆಟರಿನೊಳಗೆ ಚಪ್ಪಟೆ.
ಗಂಡ ರೈಗೊ ತಲ್ಲಿನ್ನಿನ ಹಡಗುಕಟ್ಟೆಯಲ್ಲಿ; ಅವನಿಗೆ ಗೊತ್ತೋ ಇಲ್ಲವೋ.
ಹಿಂದೆ ಎರಡು ಸಲ ಹೇಳಿದ್ದಳು,
ಎರಡು ಸಲವೂ ಹೇಳಿದ್ದನ್ನು ವಾಪಸು ತಗೊಂಡಿದ್ದಳು
ಕ್ಯಾಂಟೀನಿನಲ್ಲಿ, ನಾವೆಲ್ಲ ಚಮಚ ಕೆಳಗಿಟ್ಟು ಕೂತಾಗ.
ಈ ಸಲ ಅವಳು ಬಾಯಿ ಬಿಟ್ಟಿಲ್ಲ.
ಬಾಯೇ ಹೇಳಿಬಿಟ್ಟಿದೆ, ನನಗೆ.

ಮಗುವಿಗೊಂದು ಹಲ್ಲು ತೆರಬೇಕು ಅನ್ನುತ್ತಿದ್ದಳು ನನ್ನಜ್ಜಿ.
ನನ್ನವು ಮೂವತ್ತೆರಡೂ ಇವೆ.
ಒಂದು ಮಾರ್ಚಿನಲ್ಲಿ ಬ್ರಷ್ಷು ದಿನಾ ಕೆಂಪಾಗುತ್ತಿತ್ತು;
ಏಪ್ರಿಲ್ಲಿನಲ್ಲಿ ಬೆಳ್ಳಗೆ.
ನನಗಿಂತ ಮೊದಲೇ ಅವಕ್ಕೆ ತಿಳಿದಿರಬೇಕು,
ತೆರೆದ ಪುಟ ಮುಚ್ಚಿ
ಹಳೆಯ ಊಟಕ್ಕೆ ಮರಳಿರಬೇಕು,
ಒಂದು ಮಾತೂ ಆಡದೆ.

ದಾಖಲೆ ಪುಸ್ತಕ ಕೇಳುತ್ತದೆ: ಸಂಖ್ಯೆ. ಏರಿಕೆ. ಕಾರಣ.
ಕಾರಣದ ಮನೆ ಖಾಲಿ ಬಿಟ್ಟೆ.
ಮಧ್ಯಾಹ್ನ ಔಷಧಿ ಅಂಗಡಿಗೆ ಹೋಗಿ
ಇದ್ದುದರಲ್ಲೇ ಮೆತ್ತನೆಯ ಬ್ರಷ್ಷೊಂದನ್ನು ತಂದು
ಅವಳ ಮೇಜಿನ ಮೇಲೆ, ಉಣ್ಣೆಯ ಕೈಗವಸಿನ ಪಕ್ಕ ಇಟ್ಟೆ.
ಚೀಟಿ ಇಡಲಿಲ್ಲ.

ಐದಕ್ಕೆಲ್ಲ ಕತ್ತಲು. ಬಾಗಿಲಲ್ಲಿ ಲೇಲೊ,
ಬ್ರಷ್ಷನ್ನು ಪೆನ್ನಿನ ಹಾಗೆ ಹಿಡಿದು.
“ವಿರ್ವೆ, ಎಷ್ಟಿದೆ?”
“ಮುನ್ನೂರ ಹನ್ನೆರಡು.”
ಮುಚ್ಚಿದ ತುಟಿಯ ಒಳಗೇ
ಅವಳ ನಾಲಿಗೆ ವಸಡು ಸವರಿದ್ದು ಕಂಡಿತು.
“ಇನ್ನೊಮ್ಮೆ ಎಣಿಸು,” ಅಂದಳು.

ದೀಪ ಹತ್ತಿರ ಎಳೆದು
ಇಬ್ಬರೂ ತಟ್ಟೆಯ ಮೇಲೆ ಬಾಗಿ
ಒಂದರಿಂದ ಶುರುಮಾಡಿದೆವು.